ಸರಿಸಮವಾದ ಎರಡರಲ್ಲಿ ಒಂದನ್ನು ಆರಿಸುವದು

ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ನಿಂತವನು ಯಾವ ಕಡೆಗೆ ಹೋಗಬೇಕೆಂಬದನ್ನು ಚಿಕ್ಕ ಮಕ್ಕಳೂ ಬಲ್ಲರು; ಹೋಗುವದು ಕಷ್ಟವಾದೀತು, ತಿಳಿಯುವದು ಕಷ್ಟವಲ್ಲ. ಹೆಚ್ಚು ಒಳ್ಳೆಯದೂ ಕಡಿಮೆ ಒಳ್ಳೆಯದೂ ಎದುರಿಗಿದ್ದರೆ ಹೆಚ್ಚಾದದ್ದನ್ನೇ ಹಿಡಿಯಬೇಕೆಂಬದೂ ಎಲ್ಲರಿಗೆ ತಿಳಿದ ಮಾತು. ಆದರೆ ಎರಡೂ ಒಳ್ಳೆಯವು, ಎರಡೂ ಹೆಚ್ಚುಕಡಿಮೆ ಸಮ, ಒಂದನ್ನು ಮಾತ್ರ ತಕ್ಕೊಳ್ಳಬಹುದು ಎಂಬ ಸಮಯ ಬಂದರೆ ಮನುಷ್ಯನು ಏನು ಮಾಡತಕ್ಕದ್ದು? ಅಂಥಾ ಆಯ್ಕೆಯಲ್ಲಿ ಧರ್ಮಾಧರ್ಮಗಳ ಮಾತೇ ಇಲ್ಲವೆಂದು ಕೆಲವರು ಹೇಳುತ್ತಾರೆ. ಬೇರೆ ಕೆಲವರು ಅದರಲ್ಲಿಯೇ ತಮ್ಮ ನಿದ್ರೆಯನ್ನೂ ಸಮಾಧಾನವನ್ನೂ ಕಳಕೊಳ್ಳುತ್ತಾರೆ. ಈ ಎರಡು ಪಕ್ಷದವರೂ ಪೂರ್ತಿಯಾಗಿ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅದನ್ನು ಬರೇ ಮಾತಿನಿಂದ ವಿವರಿಸುವದಕ್ಕಿಂತ ದೂರದೇಶದ ಒಂದು ದೃಷ್ಟಾಂತದಿಂದ ತೋರಿಸುವದು ಓದುಗರಿಗೆ ಸುಲಭವಾದೀತು.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರದ ಅಂಚಿನಲ್ಲಿ ಮಿನ್ನೆಸೋಟವೆಂಬ ಪ್ರಾಂತವುಂಟು. ಅದು ಸರೋವರಗಳ ನಾಡು. ಹತ್ತು ಎಕರೆಗೆ ಕಡಿಮೆಯಲ್ಲದ ಸರೋವರಗಳೇ ಅಲ್ಲಿ 11,842 ಇವೆ. ಚಳಿಗಾಲದಲ್ಲಿ ಇವೆಲ್ಲಾ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತವೆ. ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ಮಂಜುಗಡ್ಡೆ ಕರಗಿ ನೀರು ಕಾಣಿಸಿಕೊಳ್ಳುತ್ತದೆ. ಆ ಮೇಲಿನ ಕೆಲವು ತಿಂಗಳುಗಳೇ ಆ ಜನರಿಗೆ ನೀರಿನ ಮೇಲೆ ಹೋಗುವ ಕಾಲ. ಕೆಲಸದ ದಿನಗಳು ಮುಗಿದ ಕೂಡಲೆ ತಂದೆತಾಯಿಗಳು ಮಕ್ಕಳನ್ನೂ ಮುದುಕರನ್ನೂ ಕರಕೊಂಡು, ಬುತ್ತಿಯನ್ನು ಕಟ್ಟಿಕೊಂಡು, ಮೀನು ಹಿಡಿಯುವದಕ್ಕಾಗಲಿ ಸುಮ್ಮನೆ ಗಾಳಿಯಲ್ಲಿ ತೇಲುವದಕ್ಕಾಗಲಿ ಹೊರಡುವರು. ಆ ಪ್ರಾಂತದಲ್ಲಿ ಲೆಕ್ಕಕ್ಕೆ ಬರೆದಿರುವ ದೋಣಿಗಳು ಎಂಟು ಲಕ್ಷಕ್ಕೂ ಹೆಚ್ಚು.

ಇವುಗಳಲ್ಲಿ ಬಹಳ ದೋಣಿಗಳು ಅಲ್ಯೂಮಿನಿಯಂ ಲೋಹದವು. ನಮ್ಮ ಮನೆಗಳಲ್ಲಿ ಅನ್ನ ಬೇಯಿಸುವ ಹಗುರವಾದ ಬಿಳಿ ಪಾತ್ರೆಯ ಲೋಹವೇ ಅದು. ನೀರಿಗಿಂತ ಕಬ್ಬಿಣವು ಸುಮಾರು ಎಂಟು ಪಾಲು ಭಾರವಾದರೆ ಇದು ಎರಡು ಮುಕ್ಕಾಲು ಪಾಲಿನಷ್ಟು ಮಾತ್ರ ಭಾರ. ಇದಕ್ಕೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವದಿಲ್ಲ. ಗಾಳಿ ತಗಲಿದೊಡನೆ ಮೇಲೆ ಒಂದು ತೆಳುವಾದ ಪೊರೆ ಕಟ್ಟಿ ಒಳಗಿನ ಲೋಹವನ್ನು ಕಾಯುತ್ತದೆ. ಮೊದಲು ಇದು ಬಹಳ ದುಬಾರಿಯಾಗಿತ್ತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಎಂಬವನೂ ಫ್ರಾನ್ಸಿನ ಪಾಲ್ ಎರೂ ಎಂಬವನೂ ಒಬ್ಬರನ್ನೊಬ್ಬರು ಅರಿಯದೆ, ವಿದ್ಯುಚ್ಛಕ್ತಿಯಿಂದ ಇದನ್ನು ಅಗ್ಗವಾಗಿ ತೆಗೆಯುವ ಒಂದೇ ಉಪಾಯವನ್ನು ಕಂಡುಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಈ ಲೋಹವು ಬಹಳವಾಗಿ ಬೇಕಾಯಿತು. ಯುದ್ಧವು ಮುಗಿದ ಮೇಲೆ ಆ ಕೈಕೆಲಸವು ದೋಣಿಗಳಿಗೆ ಬಂತು: ಯುದ್ಧವಿಮಾನಗಳನ್ನು ಕಟ್ಟುತ್ತಿದ್ದ ಗ್ರಮನ್ ಕಂಪೆನಿಯು 1945ರಲ್ಲಿ ಅಲ್ಯೂಮಿನಿಯಮಿನ ಕಿರುದೋಣಿಗಳನ್ನು ಮಾಡತೊಡಗಿತು. ಮಿನ್ನೆಸೋಟದಲ್ಲಿಯೇ 1946ರಲ್ಲಿ ಕ್ರೆಸ್ಟ್‌ಲೈನರ್, 1948ರಲ್ಲಿ ಲಂಡ್ ಎಂಬ ದೋಣಿಯ ಕಾರಖಾನೆಗಳು ಹುಟ್ಟಿದವು.

ಈಗ ದೃಷ್ಟಾಂತಕ್ಕೆ ಬರೋಣ. ಆ ನಾಡಿನ ಒಬ್ಬ ಗೃಹಸ್ಥನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಅವನು, ಅವನ ಹೆಂಡತಿ, ಮೂವರು ಮಕ್ಕಳು, ಅವನ ಮುದಿ ತಾಯಿ, ಹೀಗೆ ಮನೆಯಲ್ಲಿ ಆರು ಮಂದಿ. ಕೆಲವು ವರುಷ ಕೂಡಿಟ್ಟ ಹಣದಿಂದ ಅವನು ಒಂದು ದೋಣಿಯನ್ನು ಕೊಳ್ಳಬೇಕೆಂದು ಹೋಗುತ್ತಾನೆ. ಅಂಗಡಿಯಲ್ಲಿ ಎರಡು ದೋಣಿಗಳು ಪಕ್ಕಪಕ್ಕದಲ್ಲಿವೆ. ಎರಡೂ ಹದಿನಾರು ಅಡಿ ಉದ್ದ. ಬಣ್ಣ ಬೇರೆ, ಬೆಲೆಯಲ್ಲಿ ಅಲ್ಪ ವ್ಯತ್ಯಾಸ. ಒಂದರ ತಗಡುಗಳನ್ನು ರಿವೆಟ್ ಮೊಳೆಗಳಿಂದ ಜೋಡಿಸಿದೆ, ಇನ್ನೊಂದನ್ನು ಬೆಸುಗೆ ಹಾಕಿ ಜೋಡಿಸಿದೆ. ಅವನು ಮನೆಗೆ ಹಿಂದಿರುಗಿ ಎರಡನ್ನೂ ತೂಗುತ್ತಾನೆ. ನೆರೆಯವರನ್ನು ಕೇಳಿದರೆ ಪ್ರತಿಯೊಬ್ಬನೂ ತಾನು ಕೊಂಡದ್ದನ್ನೇ ಹೊಗಳುತ್ತಾನೆ. ಮತ್ತೆ ಅಂಗಡಿಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಮಂಜುಗಡ್ಡೆ ಕರಗಿತು, ಮೇ ತಿಂಗಳು ಹೋಯಿತು, ಜೂನ್ ಹೋಯಿತು. ಮಕ್ಕಳು ದಡದಲ್ಲಿ ನಿಂತು ಬೇರೆಯವರ ದೋಣಿಗಳನ್ನು ನೋಡುತ್ತಾ ಇದ್ದಾರೆ.

ಈ ಮನುಷ್ಯನಲ್ಲಿ ತಪ್ಪೇನಾದರೂ ಉಂಟೋ?

ತಟ್ಟನೆ ಅವನನ್ನು ನಿಂದಿಸುವದು ನ್ಯಾಯವಲ್ಲ. ಮೊದಲಾಗಿ ಅವನ ಪಕ್ಷದಲ್ಲಿ ಹೇಳತಕ್ಕ ಮಾತುಗಳನ್ನು ಕೇಳೋಣ. ಹಣವು ಅವನೊಬ್ಬನದಲ್ಲ, ಸಂಸಾರದ್ದು. ಅದಲ್ಲದೆ ಪಾತ್ರೆಯನ್ನು ಕೊಳ್ಳುವದು ಬೇರೆ, ದೋಣಿಯನ್ನು ಕೊಳ್ಳುವದು ಬೇರೆ. ಪಾತ್ರೆ ತೂತಾದರೆ ಸಾರು ಚೆಲ್ಲೀತು. ದೋಣಿ ತೂತಾದರೆ ಹೋಗುವದು ಜೀವ. ಮೇಲೆ ನೋಡುವದಕ್ಕೆ ಸಮವಾಗಿ ಕಾಣುವಂಥವು ಒಳಗೆ ಸಮವಾಗಿರುವದಿಲ್ಲವೆಂಬದನ್ನು ಎತ್ತುಗಳ ಸಂತೆಗೆ ಹೋಗಿ ಬಂದ ನಮ್ಮ ಒಕ್ಕಲಿಗರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಆದದರಿಂದ ಪರೀಕ್ಷಿಸಿ ನೋಡುವದು ದೋಷವಲ್ಲ, ಕರ್ತವ್ಯವೇ. ನೋಡತಕ್ಕದ್ದೇನೆಂಬದೇ ಪ್ರಶ್ನೆ.

ದೋಣಿಯ ತಳವನ್ನು ಮೊದಲು ನೋಡಬೇಕು. ಚಪ್ಪಟೆಯಾದ ತಳವುಳ್ಳದ್ದು ನಿಂತ ನೀರಿನಲ್ಲಿ ಮಣೆಯ ಹಾಗೆ ಅಲುಗದೆ ಇರುತ್ತದೆ. ಅದರಲ್ಲಿ ಹತ್ತುವದೂ ಇಳಿಯುವದೂ ಸುಲಭ. ಆದರೆ ಗಾಳಿಯೆದ್ದು ತೆರೆಗಳು ಬಂದರೆ ಅದು ಪ್ರತಿಯೊಂದು ತೆರೆಯ ಮೇಲೂ ಬಡಿದು ಕೂತವರ ಬೆನ್ನನ್ನು ನೋಯಿಸುತ್ತದೆ. ನೇಗಿಲ ಮೊನೆಯಂತೆ ಚೂಪಾದ ತಳವುಳ್ಳದ್ದು ತೆರೆಯನ್ನು ಸೀಳಿ ಮೆತ್ತಗೆ ಹೋಗುತ್ತದೆ, ನಿಂತಿರುವಾಗ ಮಾತ್ರ ಸ್ವಲ್ಪ ಹೆಚ್ಚು ಹೊಯ್ದಾಡುತ್ತದೆ. ಆದದರಿಂದ ಯಾವ ನೀರಿಗೆ ಹೋಗುತ್ತೀ ಎಂಬದನ್ನು ಕೇಳದೆ ಯಾವ ದೋಣಿ ಒಳ್ಳೆಯದೆಂದು ಹೇಳಲಾಗದು. ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಎಂಬ ಸರೋವರವು ಸುಮಾರು 1,32,000 ಎಕರೆ ಹರಡಿಕೊಂಡಿದ್ದರೂ ಅತಿ ಆಳವಾದ ಸ್ಥಳದಲ್ಲಿಯೂ ಸುಮಾರು 42 ಅಡಿ ಮಾತ್ರ ಆಳ. ಅಷ್ಟು ಅಗಲವಾದ ಆಳವಿಲ್ಲದ ನೀರಿನಲ್ಲಿ ಗಾಳಿಯು ಬೇಗನೆ ಕಡಿದಾದ ತೆರೆಗಳನ್ನು ಎಬ್ಬಿಸುತ್ತದೆ. ಅಲ್ಲಿಗೆ ತಕ್ಕ ದೋಣಿ ಬೇರೆ, ಮನೆಯ ಹಿಂದಿನ ಸಣ್ಣ ಕೆರೆಗೆ ತಕ್ಕದ್ದು ಬೇರೆ.

ಎರಡನೆಯದಾಗಿ ಅಗಲವನ್ನು ನೋಡಬೇಕು. 1972ರ ನವೆಂಬರ್ ತಿಂಗಳಿಂದ ಆ ದೇಶದಲ್ಲಿ ಮಾಡಲ್ಪಟ್ಟ, ಇಪ್ಪತ್ತು ಅಡಿಗೆ ಕಡಿಮೆಯಾದ ಇಂಥಾ ಇಂಜಿನಿನ ದೋಣಿಗಳಲ್ಲಿ ಎಷ್ಟು ಜನ, ಎಷ್ಟು ಭಾರ ಎಂಬದನ್ನು ಬರೆದ ಫಲಕವನ್ನು ಜಡಿದಿರಬೇಕೆಂದು ಕಾನೂನಿದೆ. ಫಲಕವಿಲ್ಲದ ಸಣ್ಣ ದೋಣಿಗೆ ಅವರು ಇಟ್ಟುಕೊಂಡ ಅಂದಾಜಿನ ಲೆಕ್ಕವು ಇದು: ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಬೇಕು, ಬಂದದ್ದು ಗಾಳಿಯಿಲ್ಲದ ದಿನದಲ್ಲಿ ಕೂತುಕೊಳ್ಳಬಹುದಾದ ಜನರ ಸಂಖ್ಯೆ. ಹದಿನಾರು ಅಡಿ ಉದ್ದದ ದೋಣಿಯು ಆರು ಅಡಿ ಅಗಲವಾಗಿದ್ದರೆ 96ನ್ನು 15ರಿಂದ ಭಾಗಿಸಲು ಆರು ಮಂದಿ ಎಂದು ಬರುವದು. ಅಗಲವು ಐದೂವರೆ ಅಡಿಯಾದರೆ 88ನ್ನು ಭಾಗಿಸಿದಾಗ ಆರು ತುಂಬುವದಿಲ್ಲ, ಐದು ಮಂದಿಯೇ. ನೋಡಿರಿ, ಕಣ್ಣಿಗೆ ಕಾಣದಂಥಾ ಆ ಅರ್ಧ ಅಡಿಯಲ್ಲಿ ಒಬ್ಬ ಮನುಷ್ಯನಿದ್ದಾನೆ. ನಮ್ಮ ಗೃಹಸ್ಥನ ಮನೆಯಲ್ಲಿ ಆರು ಮಂದಿ. ಅಗಲ ಕಡಿಮೆಯಾದದ್ದನ್ನು ಕೊಂಡರೆ ಪ್ರತಿ ಸಾರಿಯೂ ಒಬ್ಬರನ್ನು ದಡದಲ್ಲಿ ಬಿಡಬೇಕು, ಇಲ್ಲವೆ ಲೆಕ್ಕವನ್ನು ಮೀರಿ ಎಲ್ಲರ ಜೀವವನ್ನೂ ಅಪಾಯದಲ್ಲಿ ಇಡಬೇಕು. ದಡದಲ್ಲಿ ಉಳಿಯುವವರು ಯಾರು? ಬಹುತರ ಮುದುಕಿಯೇ. ಅವಳು, ನನಗೆ ನೀರೆಂದರೆ ಅಷ್ಟು ಇಷ್ಟವಿಲ್ಲಪ್ಪಾ, ನೀವು ಹೋಗಿ ಬನ್ನಿ ಎಂದು ತಾನಾಗಿಯೇ ಹೇಳಿಯಾಳು.

ಇಲ್ಲಿ ಮೊದಲನೆಯ ನಿಯಮವು ಸಿಕ್ಕುತ್ತದೆ. ಎರಡು ವಸ್ತುಗಳು ಸಮವೋ ಅಲ್ಲವೋ ಎಂದು ತಿಳಿಯಬೇಕಾದರೆ ವಸ್ತುಗಳನ್ನೇ ದಿಟ್ಟಿಸಿದರೆ ಸಾಲದು. ಅವುಗಳನ್ನು ಉಪಯೋಗಿಸುವವರಲ್ಲಿ ಅತಿ ಬಲಹೀನನು ಯಾರೋ ಅವನ ಸ್ಥಳದಲ್ಲಿ ನಿಂತು ನೋಡಬೇಕು. ಯಜಮಾನನ ಕಣ್ಣಿಗೆ ಸಮವಾದದ್ದು ಮೊಣಕಾಲು ನೋಯುವ ಮುದುಕಿಗೂ ಅಂಚನ್ನು ಹಿಡಿದು ಬಗ್ಗುವ ಮೂರು ವರುಷದ ಮಗುವಿಗೂ ಸಮವಲ್ಲ. ಅಂಚಿನ ಎತ್ತರ, ಹತ್ತುವ ಮೆಟ್ಟಿಲು, ಕೂತುಕೊಳ್ಳುವ ಹಲಗೆಯ ಅಗಲ, ಇವು ಅವರ ಪ್ರಶ್ನೆಗಳು. ನಮ್ಮ ಗೃಹಸ್ಥನು ಮೂರು ತಿಂಗಳು ಕೇಳುತ್ತಿದ್ದದ್ದು ರಿವೆಟ್ಟೋ ಬೆಸುಗೆಯೋ ಎಂಬದನ್ನೇ. ಅದರಲ್ಲಿ ಹುರುಳಿಲ್ಲವೆಂದಲ್ಲ. ರಿವೆಟ್ ಹೊಡೆದ ದೋಣಿಯಲ್ಲಿ ಬಹಳ ವರುಷಗಳ ಮೇಲೆ ಕೆಲವು ಮೊಳೆಗಳು ಸಡಿಲವಾಗಿ ನೀರು ಜಿನುಗಬಹುದು, ಅವನ್ನು ತಿರಿಗಿ ಬಿಗಿಯಬಹುದು. ಬೆಸೆದದ್ದರಲ್ಲಿ ಸಡಿಲವಾಗುವ ಮೊಳೆಯಿಲ್ಲ, ಆದರೆ ಬೆಸುಗೆ ಬಿರಿದರೆ ಅದನ್ನು ಸರಿಮಾಡುವದಕ್ಕೆ ಆ ಲೋಹದ ಬೆಸುಗೆಯನ್ನು ಬಲ್ಲ ಕುಶಲನು ಬೇಕು. ಎರಡು ವಿಧವಾದವೂ ಚೆನ್ನಾಗಿ ಮಾಡಿದ್ದರೆ ಬಹುಕಾಲ ಬಾಳುತ್ತವೆ. ಲಂಡ್ ದೋಣಿಯು ರಿವೆಟ್ಟಿಗೂ ಕ್ರೆಸ್ಟ್‌ಲೈನರ್ ಬೆಸುಗೆಗೂ ಹೆಸರಾಗಿ, ಅವನ್ನು ಕೊಂಡವರು ಎರಡು ಪಂಗಡವಾಗಿ ವಾದಿಸಿದ್ದುಂಟು; ಹೀಗಿರಲಾಗಿ 2004ರಲ್ಲಿ ಬ್ರನ್ಸ್‌ವಿಕ್ ಎಂಬ ಒಂದೇ ಸಂಸ್ಥೆಯು ಎರಡು ಕಾರಖಾನೆಗಳನ್ನೂ ಕೊಂಡುಕೊಂಡಿತು. ಕೊಂಡವರ ಜಗಳವು ಮುಗಿಯಲಿಲ್ಲ, ಹಣವು ಮಾತ್ರ ಒಂದೇ ಪೆಟ್ಟಿಗೆಗೆ ಬಿತ್ತು.

ಸರಿ, ಹೀಗೆ ಬಲಹೀನರ ಕಣ್ಣಿನಿಂದಲೂ ನೋಡಿಯಾಯಿತು. ಎರಡೂ ಆರು ಅಡಿ ಅಗಲ, ಎರಡರ ತಳವೂ ಅವರ ನೀರಿಗೆ ತಕ್ಕದ್ದು, ಬೆಲೆಯು ಎರಡರದ್ದೂ ಕೈಗೆ ಎಟಕುವಂಥಾದ್ದು. ಇನ್ನೂ ಸಮವಾಗಿಯೇ ಉಳಿದರೆ ಏನು ಮಾಡುವದು?

ಜ್ಞಾನಿಗಳು ಈ ಪ್ರಶ್ನೆಯನ್ನು ಹಳೆಯ ಕಾಲದಿಂದಲೂ ವಿಚಾರಿಸಿದ್ದಾರೆ. ಸರಿಸಮವಾದ ಎರಡು ಹುಲ್ಲಿನ ಮೆದೆಗಳ ನಡುವೆ ನಿಂತ ಕತ್ತೆಯು ಯಾವದಕ್ಕೆ ಬಾಯಿಡಬೇಕೆಂದು ತೋಚದೆ ಹಸಿವಿನಿಂದ ಸತ್ತಿತೆಂಬ ಕಥೆಯನ್ನು ಹದಿನಾಲ್ಕನೆಯ ಶತಮಾನದ ಪ್ಯಾರಿಸಿನ ಪಂಡಿತನಾದ ಬ್ಯೂರಿಡನನ ಹೆಸರಿಗೆ ಕಟ್ಟಿದ್ದಾರೆ. ಅವನ ಗ್ರಂಥಗಳಲ್ಲಿ ಮಾತ್ರ ಆ ಕತ್ತೆಯು ಸಿಕ್ಕುವದಿಲ್ಲ. ಅವನಿಗಿಂತ ಮುಂಚೆ, 1111ರಲ್ಲಿ ತೀರಿಹೋದ ಪಾರಸೀಕ ದೇಶದ ಅಲ್ ಘಜಾಲಿ ಎಂಬ ಜ್ಞಾನಿಯು ಕತ್ತೆಯನ್ನು ಬಿಟ್ಟು ಮನುಷ್ಯನನ್ನೇ ತಕ್ಕೊಂಡು ಇದನ್ನು ವಿಚಾರಿಸಿದನು. ಹಸಿದವನ ಮುಂದೆ ಎಲ್ಲಾ ವಿಧದಲ್ಲಿಯೂ ಸಮವಾದ ಎರಡು ಖರ್ಜೂರಗಳಿದ್ದು ಒಂದನ್ನು ಮಾತ್ರ ತಿನ್ನಬಹುದಾದರೆ, ಅವನು ಸುಮ್ಮನೆ ನೋಡುತ್ತಾ ಕೂತಿರುವನೋ? ಇಲ್ಲ, ಒಂದನ್ನು ತಕ್ಕೊಂಡೇ ತಕ್ಕೊಳ್ಳುವನು. ಯಾಕಂದರೆ ಸಮವಾದವುಗಳಲ್ಲಿ ಒಂದನ್ನು ಬೇರೆ ಮಾಡಿಕೊಳ್ಳುವ ಶಕ್ತಿಯೇ ಇಚ್ಛೆ ಎಂಬದು ಅವನ ಸಿದ್ಧಾಂತ. ನಮ್ಮ ಕಾಲಕ್ಕೆ ಹತ್ತಿರವಾದ ಅಮೆರಿಕದ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸನು 1956ರಲ್ಲಿ ಬರೆದ ಒಂದು ಲೇಖನದಲ್ಲಿ, ಜೀವಿಗಳು ಎಲ್ಲವುಗಳಲ್ಲಿ ಅತ್ಯುತ್ತಮವಾದದ್ದನ್ನೇ ಹುಡುಕುತ್ತಾ ಹೋಗದೆ ತಮ್ಮ ಅಗತ್ಯಕ್ಕೆ ಸಾಕಾಗುವದು ಸಿಕ್ಕಿದಲ್ಲಿ ನಿಲ್ಲುತ್ತವೆಂದು ತೋರಿಸಿದನು. 1978ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಕೊಡಲ್ಪಟ್ಟಿತು. ಹುಡುಕುವದಕ್ಕೂ ಬೆಲೆಯುಂಟು, ಆ ಬೆಲೆಯನ್ನೂ ಲೆಕ್ಕಕ್ಕೆ ತಕ್ಕೊಳ್ಳಬೇಕೆಂಬದು ಇದರಿಂದ ನಾವು ಕಲಿಯತಕ್ಕ ಪಾಠ.

ಈ ಲೆಕ್ಕವನ್ನು ನಮ್ಮ ಗೃಹಸ್ಥನಿಗೆ ಹೊಂದಿಸಿ ನೋಡೋಣ. ಎರಡು ದೋಣಿಗಳು ಎಷ್ಟು ಸಮವೋ, ತಪ್ಪಾದದ್ದನ್ನು ಆರಿಸಿದರೆ ಆಗುವ ನಷ್ಟವು ಅಷ್ಟೇ ಅಲ್ಪ. ಪೂರ್ಣವಾಗಿ ಸಮವಾದರೆ ನಷ್ಟವೇ ಇಲ್ಲ. ಆದರೂ ಮನುಷ್ಯನ ಮನಸ್ಸಿನ ವಿಚಿತ್ರವೇನಂದರೆ, ನಷ್ಟವು ಎಲ್ಲಿ ಅತಿ ಕಡಿಮೆಯೋ ಅಲ್ಲಿಯೇ ಅವನು ಅತಿ ಹೆಚ್ಚು ಚಿಂತಿಸುತ್ತಾನೆ. ಒಂದು ತೂತಾದ ದೋಣಿಯೂ ಒಂದು ಗಟ್ಟಿಯಾದ ದೋಣಿಯೂ ಇದ್ದಿದ್ದರೆ ಅವನು ಒಂದು ಗಳಿಗೆಯಲ್ಲಿ ತೀರ್ಮಾನಿಸುತ್ತಿದ್ದನು. ಎರಡೂ ಗಟ್ಟಿಯಾಗಿರುವದರಿಂದ, ಅಂದರೆ ಅವನಿಗೆ ಒಳ್ಳೆಯದೇ ಎರಡು ಪಾಲಾಗಿ ಸಿಕ್ಕಿರುವದರಿಂದ, ಅವನು ದುಃಖಪಡುತ್ತಾನೆ.

ಇದು ಯಾಕೆ ಹೀಗೆ? ದೋಣಿಯ ಚಿಂತೆಯು ಯಾವಾಗಲೋ ಮುಗಿದುಹೋಗಿ ಅದರ ಸ್ಥಳದಲ್ಲಿ ತನ್ನ ಹೆಸರಿನ ಚಿಂತೆಯು ಬಂದು ಕೂತದ್ದರಿಂದಲೇ. ನಾನು ಮೋಸಹೋದೆನೆಂದು ಯಾರಾದರೂ ಅಂದಾರೋ? ನೆರೆಯವನು ನನ್ನ ದೋಣಿಯನ್ನು ನೋಡಿ ನಕ್ಕಾನೋ? ಎಂದೂ ತಪ್ಪದ ಮನುಷ್ಯನೆಂದು ಅನ್ನಿಸಿಕೊಳ್ಳಬೇಕೆಂಬ ಈ ಆಶೆಯು ಜಾಗ್ರತೆಯ ವೇಷವನ್ನು ಹಾಕಿಕೊಂಡು ಬರುತ್ತದೆ. ಆದದರಿಂದ ಅದನ್ನು ಗುರುತಿಸುವದು ಕಷ್ಟ. ನಿಜವಾದ ಜಾಗ್ರತೆಗೂ ಇದಕ್ಕೂ ಒಂದು ಗುರುತು ಉಂಟು. ಜಾಗ್ರತೆಯು ಪ್ರತಿದಿನವೂ ಹೊಸದಾದ ಏನನ್ನಾದರೂ ತಿಳುಕೊಳ್ಳುತ್ತದೆ, ತಿಳಿದು ಮುಗಿದ ಮೇಲೆ ನಿಲ್ಲುತ್ತದೆ. ಆ ಇನ್ನೊಂದಾದರೋ ಗಾಣದ ಎತ್ತಿನಂತೆ ತಿಳಿದದ್ದನ್ನೇ ತಿರುತಿರುಗಿ ಸುತ್ತುತ್ತಿರುತ್ತದೆ. ಕಳೆದ ವಾರ ತಿಳಿಯದಿದ್ದ ಯಾವ ಸಂಗತಿಯು ಈ ವಾರ ನನಗೆ ತಿಳಿಯಿತು ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿ. ಏನೂ ಇಲ್ಲವಾದರೆ ವಿಚಾರವು ಮುಗಿಯಿತು, ಉಳಿದದ್ದು ಅಂಜಿಕೆ ಮಾತ್ರ.

ಅಂಜಿಕೆಯ ಖರ್ಚನ್ನು ಕೊಡುವವರು ಬೇರೆಯವರು. ಆ ನಾಡಿನ ಬೇಸಿಗೆಯು ಸ್ವಲ್ಪ ದಿನದ್ದು. ಮಕ್ಕಳ ಎಳೆತನವೂ ಹಾಗೆಯೇ. ಮುದುಕಿಗೆ ಇನ್ನೆಷ್ಟು ಬೇಸಿಗೆಗಳು ಉಂಟೆಂದು ಯಾರು ಬಲ್ಲರು? ಎರಡು ದೋಣಿಗಳ ವ್ಯತ್ಯಾಸದಿಂದ ಆ ಮನೆಗೆ ಆಗಬಹುದಾದ ಲಾಭವನ್ನೆಲ್ಲಾ ಕೂಡಿಸಿದರೂ ಕಳೆದುಹೋದ ಒಂದು ಬೇಸಿಗೆಗೆ ಸಮನಾಗದು. ದೋಣಿಯಿರುವದು ಮನೆಯವರು ಒಟ್ಟಾಗಿ ನೀರಿನ ಮೇಲೆ ಹೋಗುವದಕ್ಕಾಗಿ. ದೋಣಿಯನ್ನು ಆರಿಸುವದರಲ್ಲಿಯೇ ಆ ಹೋಗುವದನ್ನು ಕಳಕೊಂಡರೆ ಬಾವಿಯ ಹಗ್ಗವನ್ನು ಹೊಸೆಯುತ್ತಾ ಬಾಯಾರಿ ಬಿದ್ದಂತಾಯಿತು. ಹೀಗೆ ನೋಡುವಾಗ, ಸಮವಾದ ಎರಡರಲ್ಲಿ ಯಾವದನ್ನು ಆರಿಸುತ್ತೇವೆ ಎಂಬದರಲ್ಲಿ ಧರ್ಮಾಧರ್ಮದ ಮಾತಿಲ್ಲದಿದ್ದರೂ, ಆರಿಸದೆ ಇರುವದರಲ್ಲಿ ಅದು ಉಂಟು.

ಹಾಗಾದರೆ ಚೀಟಿ ಹಾಕಿ ತೀರ್ಮಾನಿಸಬಹುದೋ, ಅದು ಬುದ್ಧಿಯುಳ್ಳವನಿಗೆ ನಾಚಿಕೆಯಲ್ಲವೋ ಎಂದು ಯಾರಾದರೂ ಕೇಳಿಯಾರು. ಬುದ್ಧಿಯು ತನ್ನ ಕೆಲಸವನ್ನು ಮಾಡುವದಕ್ಕೆ ಮುಂಚೆ ಚೀಟಿ ಹಾಕುವದು ನಾಚಿಕೆಯೇ; ಮಾಡಿ ಮುಗಿಸಿದ ಮೇಲೆ ಹಾಕುವದು ನಾಚಿಕೆಯಲ್ಲ. ಕಿರಿಯ ಮಗುವನ್ನು ಕರೆದು, ನಿನಗೆ ಯಾವ ಬಣ್ಣ ಬೇಕಮ್ಮಾ ಎಂದು ಕೇಳಿ ಅದರ ಮಾತಿನಂತೆ ಮಾಡಿದರೆ ಅದಕ್ಕಿಂತಲೂ ಲೇಸು. ಒಂದು ಮನಸ್ಸಿಗೆ ಸಂತೋಷವಾದರೂ ಸಿಕ್ಕಿತಷ್ಟೆ. ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಇಬ್ಬರು ಕೆಲಸಗಾರರಲ್ಲಿ ಒಬ್ಬನಿಗೆ ಕೂಲಿ ಕೊಡುವಾಗ, ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಓದಿಗೆ ಕಳುಹಿಸುವಾಗ, ಇಬ್ಬರೂ ಸಮವೆಂದು ಹೇಳಿ ಬೇಗನೆ ಕೈ ತೊಳಕೊಳ್ಳಬಾರದು. ಮನುಷ್ಯರು ದೋಣಿಗಳಲ್ಲ, ಬಿಟ್ಟ ದೋಣಿಗೆ ನೋವಾಗುವದಿಲ್ಲ, ಬಿಟ್ಟ ಮನುಷ್ಯನಿಗೆ ಆಗುತ್ತದೆ. ಅವನಿಗೆ ಕಾರಣವನ್ನು ಹೇಳುವ ಸಾಲವು ಆರಿಸಿದವನ ಮೇಲೆ ಇರುತ್ತದೆ.

ಆರಿಸಿದ ಮೇಲೆ ನಿಷ್ಠೆಯು ಬೇಕು. ಕೊಂಡದ್ದರಲ್ಲಿ ಕುಳಿತು ಕೊಳ್ಳದೆ ಬಿಟ್ಟದ್ದನ್ನು ನೆನಸುವವನಿಗೆ ಬಿಟ್ಟದ್ದು ದಿನದಿನಕ್ಕೆ ಚಂದವಾಗುತ್ತಾ ಹೋಗುತ್ತದೆ. ಯಾಕಂದರೆ ಅದು ಎಂದೂ ಸೋರುವದಿಲ್ಲ, ಅದರ ಇಂಜಿನು ಎಂದೂ ನಿಲ್ಲುವದಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿಯನ್ನು ನಮ್ಮ ಗಾದೆಯು ಹೇಳುತ್ತದೆ. ಒಂದು ಕಾಲು ನೀರಿನಲ್ಲಿರುವ ದೋಣಿಯಲ್ಲಿಯೂ ಮತ್ತೊಂದು ಅಂಗಡಿಯಲ್ಲಿ ಉಳಿದ ದೋಣಿಯಲ್ಲಿಯೂ ಇಟ್ಟವನು ಸಹ ಆ ಗತಿಯವನೇ.

ಕೊನೆಗೆ, ಆಯ್ಕೆಯಲ್ಲಿ ಉಳಿಸಿದ ಚಿಂತೆಯನ್ನು ಎಲ್ಲಿ ಖರ್ಚುಮಾಡಬೇಕೆಂಬದನ್ನು ಹೇಳಬೇಕು. ಅಲ್ಯೂಮಿನಿಯಂ ನೀರಿಗಿಂತ ಭಾರವಾದದ್ದು. ತಗಡೊಂದೇ ಆಗಿದ್ದರೆ ನೀರು ತುಂಬಿದೊಡನೆ ಮುಳುಗೀತು. ಅದಕ್ಕಾಗಿ ಆಸನಗಳ ಕೆಳಗೆ ತೇಲುವ ಬುರುಗಿನಂಥಾ ಪದಾರ್ಥವನ್ನು ತುಂಬಿರುತ್ತಾರೆ. ಅದು ಹಾಳಾಗದಂತೆ ನೋಡಬೇಕು. ದೋಣಿಯ ಹಿಂಬದಿಯಲ್ಲಿ ಒಳಗಿನ ನೀರನ್ನು ಹೊರಗೆ ಬಿಡುವ ಒಂದು ತೂತು ಉಂಟು, ಅದಕ್ಕೆ ಹೆಬ್ಬೆರಳಿನಷ್ಟು ಬಿರಡೆ. ಅದನ್ನು ಹಾಕಲು ಮರೆತು ನೀರಿಗೆ ಇಳಿಸಿದರೆ ರಿವೆಟ್ಟಿನದ್ದೂ ತುಂಬುತ್ತದೆ, ಬೆಸುಗೆಯದ್ದೂ ತುಂಬುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ತೇಲಿಸುವ ಅಂಗಿ, ಅಂದರೆ ಲೈಫ್ ಜಾಕೆಟ್. ಆ ದೇಶದ ಕರಾವಳಿ ಕಾವಲಿನವರ ವಾರ್ಷಿಕ ಲೆಕ್ಕಗಳ ಪ್ರಕಾರ ದೋಣಿಯ ಅಪಘಾತಗಳಲ್ಲಿ ಮುಳುಗಿ ಸತ್ತವರೊಳಗೆ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜನರು ಅದನ್ನು ತೊಟ್ಟಿರಲಿಲ್ಲ. ಹತ್ತು ವರುಷ ತುಂಬದ ಮಕ್ಕಳು ದೋಣಿ ಹೋಗುತ್ತಿರುವಾಗ ಅದನ್ನು ತೊಟ್ಟೇ ಇರಬೇಕೆಂದು ಮಿನ್ನೆಸೋಟದ ಕಾನೂನು ಹೇಳುತ್ತದೆ. ಎರಡು ದೋಣಿಗಳ ನಡುವೆ ಒಂದು ಜೀವದ ವ್ಯತ್ಯಾಸವು ಇಲ್ಲದಿರಬಹುದು. ತೊಟ್ಟ ಅಂಗಿಗೂ ಆಸನದ ಕೆಳಗೆ ಬಿದ್ದಿರುವ ಅಂಗಿಗೂ ನಡುವೆ ಅದು ಉಂಟು.

ದೋಣಿಯನ್ನು ಕೊಳ್ಳುವ ಯೋಗವೇ ನಮಗಿಲ್ಲ, ಇದು ಉಳ್ಳವರ ಕಷ್ಟ ಎಂದು ನಮ್ಮ ಹಳ್ಳಿಯ ಓದುಗರು ಅಂದುಕೊಳ್ಳಬಹುದು. ಆದರೆ ಸಮವಾದ ಎರಡು ಬೀಜದ ಚೀಲಗಳ ಮುಂದೆ ನಿಂತು ಹದ ಮಳೆಯನ್ನು ಕಳಕೊಂಡವನೂ, ಸಮವಾದ ಎರಡು ಎತ್ತುಗಳ ನಡುವೆ ಸಂತೆ ಮುಗಿಸಿ ಬರಿಗೈಯಲ್ಲಿ ಬಂದವನೂ ನಮ್ಮಲ್ಲಿ ಇಲ್ಲವೋ? ಪ್ರಿಯ ವಾಚಕರೇ, ಪರೀಕ್ಷಿಸಿರಿ. ನಿಮ್ಮಲ್ಲಿ ಬಲಹೀನರಾದವರ ಪಕ್ಷದಿಂದ ಪರೀಕ್ಷಿಸಿರಿ. ತಿಳಿಯತಕ್ಕದ್ದನ್ನು ತಿಳಿದ ಮೇಲೆ ಒಂದನ್ನು ತಕ್ಕೊಂಡು ಸಮಾಧಾನದಿಂದ ಮನೆಗೆ ಹೋಗಿರಿ. ಆ ಮೇಲೆ ಬಿರಡೆಯನ್ನು ಮರೆಯದಿರಿ.